ಬಾಡಿಗೆಯ ‘ನಾನು’

ಹನ್ನೊಂದು ವರ್ಷ ಆತ ‘ನಾನು’ ಎಂದಾಗಲೆಲ್ಲ
ನಾನೂ ‘ನಾನು’ ಎಂದೆ.
ಅದು ನಮ್ಮ ಕಸುಬಿನ ಕಟ್ಟಳೆ:
ದುಭಾಷಿಗೆ ಸ್ವಂತದ್ದೊಂದು ‘ನಾನು’ ಇರಕೂಡದು,
ಗಾಜಿನ ಗೂಡಿನ ಹೊರಗೇ ಬಿಟ್ಟು ಬರಬೇಕು
ಒದ್ದೆ ಕೊಡೆಯ ಜೊತೆ.

ಹೀಗಾಗಿ ಡೇನಿಶ್ ಭಾಷೆಯಲ್ಲಿ
ಕತ್‌ಬರ್ಟ್ ಹೆಸ್ಲಪ್ ಹೆಂಗಸು.
ನಮ್ಮ ಮಂತ್ರಿಗಳು ಹೆಡ್‌ಫೋನ್ ಸರಿಮಾಡಿಕೊಂಡು
ಆ ಆರಡಿ ಆಳಿನ ಬಾಯಿಂದ
ನನ್ನ ದನಿ ಬರುವುದಕ್ಕೆ ಒಗ್ಗಿಹೋಗಿದ್ದರು.

ಶುರುವಿನಲ್ಲಿ ಆತನ ‘ನಾವು’ ಅಂದರೆ ಕೆಲ್‌ಮೌತ್.
ಬಂದರಿನ ಕಟ್ಟೆ, ಐಸ್ ಕಾರ್ಖಾನೆ, ಅಪ್ಪನ ದೋಣಿ,
ಹೆರಿಂಗ್ ಸೀಳುವಾಗ ಬೆರಳಿಗೆ ಬಟ್ಟೆ ಸುತ್ತಿಕೊಂಡ ಅತ್ತೆಯರು,
ಗೆದ್ದ ಅಂತರ ನಾನೂರ ಹನ್ನೆರಡು ಓಟು —
ಅಷ್ಟೂ ನಮ್ಮ ಒಂದೇ ಬೀದಿಯದು ಅನ್ನುತ್ತಿದ್ದ.

ಸಂಸತ್ತಿನ ಹಿಂದಿನ ಬೆಂಚಿನಲ್ಲಿ ಹದಿನಾಲ್ಕು ವರ್ಷ,
ಮೀನುಗಾರಿಕೆಯ ಉಪಮಂತ್ರಿಯಾಗಿ ಹತ್ತೊಂಬತ್ತು ತಿಂಗಳು,
ಆಮೇಲೆ ಪಕ್ಷದೊಳಗೆ ಯಾರಿಗೋ ಅಡ್ಡ ಬಂದ.
ಅಡ್ಡ ಬಂದವರನ್ನು ಲಂಡನ್ನಿನಲ್ಲಿ ಕೆಳಗೆ ತಳ್ಳುವುದಿಲ್ಲ,
ಬ್ರಸೆಲ್ಸಿಗೆ ಮೇಲೇರಿಸುತ್ತಾರೆ.
ಇದನ್ನು ಆತನೇ ಹೇಳಿ ನಕ್ಕ. ನಗುವಿಗೆ ಅನುವಾದವಿಲ್ಲ,
ಮಾತು ಹಿಂದಿನಿಂದ ಹೋಗಿ ಸೇರಬೇಕು;
ಡೇನರು ತಡವಾಗಿ ನಕ್ಕರು.

‘ನಾವು’ ಜಾರಿದ್ದು ಯಾವತ್ತು?
ದಿನ ಹೇಳಬಲ್ಲವಳು ನಾನೊಬ್ಬಳೇ ಇರಬೇಕು.
ಮೂರನೇ ವರ್ಷದ ಒಂದು ನವೆಂಬರ್ ಮಂಗಳವಾರ,
ಕಾಡ್ ಮೀನಿನ ಅಂಕಿಗಳ ಮೇಲೆ ಕಾಫಿ ಚೆಲ್ಲಿದ ಬೆಳಿಗ್ಗೆ,
‘ನಾವು ಬಲೆಯ ಕಣ್ಣು ಇನ್ನಷ್ಟು ಅಗಲಿಸಬೇಕು,
ಅವರು ಒಪ್ಪಲಾರರು’ ಅಂದ.
ಅವರು ಅಂದರೆ ಕೆಲ್‌ಮೌತ್.
ಎರಡನ್ನೂ ಸರಿಯಾಗಿಯೇ ದಾಟಿಸಿದೆ.
ವ್ಯಾಕರಣದಲ್ಲಿ ತಪ್ಪೇನಿರಲಿಲ್ಲ.

ಲೆಕ್ಕದಲ್ಲೂ ಇರಲಿಲ್ಲ, ಅದನ್ನೂ ಹೇಳಬೇಕು.
ಸಮುದ್ರ ನಿಜಕ್ಕೂ ಬರಿದಾಗುತ್ತಿತ್ತು.
ಅಪ್ಪನ ಜಿಡ್ಡುಗಟ್ಟಿದ ದೋಣಿ-ಪುಸ್ತಕದಲ್ಲಿ ಬೆರಳೋಡಿಸಿ
ಆತ ಅದನ್ನು ವಿಜ್ಞಾನಿಗಳಿಗಿಂತ ಮುಂಚೆಯೇ ಕಂಡುಕೊಂಡಿದ್ದ.

ಊರಲ್ಲಿ ಅವನ ಹೆಸರು ಬರೆದ ಮೀನಿನ ಬುಟ್ಟಿ ಸುಟ್ಟರಂತೆ.
ಅಕ್ಕನ ಮಗನ ದೋಣಿಯನ್ನು ಗರಗಸಕ್ಕೆ ಕೊಟ್ಟ ದಿನ
ಪರಿಹಾರದ ಪತ್ರದ ಬುಡದಲ್ಲಿ ಅಚ್ಚಾದ ಸಹಿ ಮಾವನದೇ.
ಕ್ರಿಸ್‌ಮಸ್ ಕಾರ್ಡುಗಳು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗಿ
ಕೊನೆಗೆ ಒಬ್ಬ ಅತ್ತೆಯದು ಉಳಿಯಿತು.
ಒಳಗೆ ಬರಹವಿಲ್ಲ, ಹೆಸರು ಮಾತ್ರ.

ಕೊನೆಯ ಡಿಸೆಂಬರ್. ಕೋಟಾ ಸಭೆ, ಎರಡನೇ ರಾತ್ರಿ, ನಾಲ್ಕು ಗಂಟೆ.
ಸ್ಯಾಂಡ್‌ವಿಚ್‌ಗಳ ಅಂಚು ಮುರುಟಿತ್ತು.
ಐರಿಶ್ ಮಂತ್ರಿ ಕೂತಲ್ಲೇ ಗೊರಕೆ.
ಸಹಿ ಹಾಕಿ, ಪೆನ್ನಿನ ಮುಚ್ಚಳ ತಿರುಗಿಸಿ,
ಮೈಕಿನ ಕೆಂಪು ದೀಪ ಆರಿಸಲು ಮರೆತು
ಏನೋ ಗೊಣಗಿದ. ಸಭೆಯ ಇಂಗ್ಲಿಷ್ ಅಲ್ಲ ಅದು,
ಇಂಗ್ಲಿಷಿನೊಳಗೆ ಅವನೂರಿನವರು ಬಚ್ಚಿಟ್ಟುಕೊಂಡದ್ದು.
‘ಯೆಮ್’ ಅಂದ. ‘ಯೆಮ್’ಗೆ ಹೋಗಬೇಕು.

ನನ್ನ ಬಾಯಿ ಕಟ್ಟಿತು.
ಜಟ್‌ಲ್ಯಾಂಡಿನ ನನ್ನಜ್ಜಿ ಕತ್ತಲಾಗುವ ಹೊತ್ತು
ಕೊಟ್ಟಿಗೆಯ ಬಾಗಿಲಲ್ಲಿ ನಿಂತು
ನನ್ನನ್ನು ಕೂಗುತ್ತಿದ್ದದ್ದು ಅದೇ ಮಾತಿನಿಂದ.
ಸಾವಿರ ವರ್ಷದ ಹಿಂದೆ ಯಾವನೋ ಹುಟ್ಟು ಹಾಕುತ್ತ
ಉಪ್ಪುನೀರು ದಾಟಿ ಬಂದು
ಅವರ ದಡದಲ್ಲಿ ಮರೆತುಹೋದ ಮಾತು —
ಮನೆ. ಮನೆ ಕಡೆ.

ಮೂರು ಸೆಕೆಂಡು ಡೆನ್ಮಾರ್ಕಿನ ಕಿವಿಯಲ್ಲಿ ಏನೂ ಇಲ್ಲ.
ನನ್ನ ಭಾಷೆಯನ್ನು ನನ್ನ ಭಾಷೆಗೇ ತರುವುದು ಹೇಗೆಂದು
ಯಾವ ಶಾಲೆಯೂ ಕಲಿಸಿರಲಿಲ್ಲ.
ಆಮೇಲೆ ಹೇಳಿದೆ. ‘ನಾನು’ ಎಂದೇ ಶುರುಮಾಡಿ,
ಯಾರ ನಾನು ಎಂದು ನೋಡಿಕೊಳ್ಳದೆ.

ನಮ್ಮ ಮಂತ್ರಿ ಹೆಡ್‌ಫೋನ್ ತೆಗೆದು
ಮೊದಲ ಸಲ ಗಾಜಿನತ್ತ ತಿರುಗಿ ನೋಡಿದ.
ಹೆಸ್ಲಪ್ ಆಗಲೇ ಎದ್ದು
ಕೋಟಿನ ಎಡಗಡೆಯ ತೋಳು ಹುಡುಕುತ್ತಿದ್ದ.