ಹಸಿವಿನ ಅಂಗಡಿ

ನಾನು ಮಾರುವುದು ಹಸಿವು.
ಎಮಿನೋನುವಿನ ಓಣಿಯಲ್ಲಿ, ಹೊಸ ಮಸೀದಿಯ ಬೆನ್ನಿಗೆ,
ಗಿಣಿ ಮಾರುವವನಿಗೂ ಟುಲಿಪ್ ಗಡ್ಡೆಯವನಿಗೂ ನಡುವೆ
ಮೂರು ಮೊಳ ಹಲಗೆ, ಮೇಲೆ ನೀರಿನ ಡಬ್ಬಗಳು,
ಒಳಗೆ ಆರು ತಿಂಗಳಿಂದ ಏನೂ ಮುಟ್ಟದ ಜಿಗಣೆಗಳು.

ಹೊಟ್ಟೆ ತುಂಬಿದ ಜಿಗಣೆ ವೈದ್ಯಕ್ಕೆ ಬಾರದು.
ಉಂಡವರ ಹತ್ತಿರ ಉಪಕಾರ ಕೇಳಬೇಡ ಮಗನೇ
ಎನ್ನುತ್ತಿದ್ದ ಅಪ್ಪ, ಕಿಜಿಲಿರ್ಮಾಕ್ ಹೊಳೆಯ ಜೌಗಿನಲ್ಲಿ
ಮೊಣಕಾಲುದ್ದ ನಿಂತು, ತನ್ನ ಕಾಲನ್ನೇ ಗಾಳ ಮಾಡಿ.
ಕೆಂಪು ಹೊಳೆ ಎಂದು ಅದರ ಹೆಸರಿನ ಅರ್ಥ.
ನೀರು ಮಾತ್ರ ಬೂದಿ ಬಣ್ಣ.

ಎದುರಿನ ಗ್ರಂಥಿಗೆ ಅಂಗಡಿಯಲ್ಲಿ ಎಲ್ಲಕ್ಕೂ ಮದ್ದಿದೆ.
ಕೆಮ್ಮಿಗೆ ಲಿಂಡೆನ್ ಹೂವು, ನಿದ್ದೆಗೆ ಲ್ಯಾವೆಂಡರ್,
ಬೊಕ್ಕತಲೆಗೆ ಹಾವಿನ ಚಿತ್ರದ ಎಣ್ಣೆ
(ಮಾರುವ ಬೆದ್ರಿಯ ತಲೆ ತಾಮ್ರದ ಹಂಡೆಯ ತಳ).
ಅವನು ಕೂಗುತ್ತಾನೆ. ನಾನು ಕೂಗುವುದಿಲ್ಲ.
ಜಿಗಣೆ ಬೇಕಾದವರು ತಾವೇ ಬರುತ್ತಾರೆ,
ಡಾಕ್ಟರರ ಚೀಟಿಯನ್ನು ನಾಲ್ಕು ಮಡಿಕೆ ಮಡಿಚಿಟ್ಟು,
ಯಾರಾದರೂ ಕಂಡಾರೆಂದು ಅತ್ತಿತ್ತ ನೋಡಿ.

ಹಾಗೆ ಬಂದವಳು ನೆಬಾಹತ್ ಹಾನಮ್.
ಉಸ್ಕುದಾರಿನ ದೋಣಿ ಇಳಿದು, ಒಂದೊಂದೇ ಮೆಟ್ಟಿಲು,
ಮೂವತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು.
ಬಲ ಮಂಡಿ ತೋರಿಸಿ ಕೇಳಿದಳು: ವಾಸಿಯಾಗುತ್ತದಾ?
ಗೊತ್ತಿಲ್ಲ ಎಂದೆ.
ಬಾಯಿ ತಪ್ಪಿ ಬಂದದ್ದಲ್ಲ, ನಿಜವಾಗಿ ಗೊತ್ತಿಲ್ಲ.
ಕೆಲವರಿಗೆ ನೋವು ಇಳಿಯುತ್ತದೆ, ಕೆಲವರಿಗೆ ದುಡ್ಡು.
ನನ್ನ ಜೇಬಿನಲ್ಲೇ ರಕ್ತದೊತ್ತಡದ ಮಾತ್ರೆ ಇದೆ,
ಬೆಳಿಗ್ಗೆ ಒಂದು, ಚಹಾಕ್ಕೆ ಮೊದಲು.

ಅವಳು ನಕ್ಕಳು. ಒಂದು ಕೊಡು ಎಂದಳು.
ಚೆನ್ನಾಗಿ ಹಸಿದದ್ದು ಆರಿಸು.
ಹೇಳಿಕೊಟ್ಟೆ: ಸಾಬೂನು ಹಚ್ಚಬೇಡಿ, ಅತ್ತರು ಬೇಡ,
ಅದಕ್ಕೆ ಮನುಷ್ಯರ ವಾಸನೆ ಬೇಕು.
ಕಿತ್ತೆಳೆಯಬೇಡಿ, ಸಾಕಾದಾಗ ತಾನೇ ಬಿಡುತ್ತದೆ.
ಆಮೇಲೆ ಸ್ಪಿರಿಟ್ಟಿಗೆ ಹಾಕಿ. ಒಬ್ಬರಿಗೆ ಒಂದೇ, ಒಂದೇ ಸಲ.
ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ, ಇಲ್ಲಿಗಲ್ಲ.

ಮೂರನೇ ದಿನ ಡಬ್ಬದ ಸಮೇತ ಬಂದಳು.
ಒಳಗೆ ಹೆಬ್ಬೆರಳ ಗಾತ್ರ ಊದಿದ್ದು,
ಮದುವೆಯೂಟ ಮುಗಿಸಿದ ಮಾವನ ಹಾಗೆ
ಮಗ್ಗುಲಾಗಿ ಬಿದ್ದಿತ್ತು.
ಕೊಲ್ಲಲಾಗಲಿಲ್ಲ, ಎಂದಳು.
ಜಿಗಣೆಯ ಹಾಗೆ ಅಂಟಿಕೊಂಡಿದ್ದಾಳೆ ಅಂತ
ನನ್ನ ಅತ್ತೆ ಜೀವಮಾನವಿಡೀ ನನ್ನನ್ನೇ ಬಯ್ದಳು.
ಇದು ನೋಡು, ನಲವತ್ತು ನಿಮಿಷಕ್ಕೆ ತಾನಾಗಿ ಬಿಟ್ಟಿತು.
ಎಷ್ಟು ಮರ್ಯಾದಸ್ಥ ಜೀವ.
ಈಗ ನನ್ನ ರಕ್ತವೂ ಇದೆ ಅದರೊಳಗೆ.
ನಂಟು ಅನ್ನುವುದು ಇನ್ನೇನಕ್ಕೆ?

ನಿಯಮ ನಿಯಮವೇ. ಮತ್ತೊಬ್ಬರಿಗೆ ಮಾರುವಂತಿಲ್ಲ,
ಹೊಳೆಗೆ ಬಿಡುವಂತಿಲ್ಲ, ಕೊಲ್ಲಬೇಕು.
ಸಂಜೆ ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದೆ.
ಗಿಣಿಯವನು ಪಂಜರಗಳಿಗೆ ಬಟ್ಟೆ ಹೊದಿಸುತ್ತಿದ್ದ.
ಮುಚ್ಚಳ ಮತ್ತೆ ಹಾಕಿದೆ.

ಮೇಲಿನ ಅಡ್ಡೆಯಲ್ಲಿ, ಗಿರಾಕಿಗಳ ಕೈಗೆಟುಕದಂತೆ,
ಒಂದು ಡಬ್ಬ. ಚೀಟಿಯಲ್ಲಿ ಅವಳ ಹೆಸರು.
ವಾರಕ್ಕೆರಡು ಸಲ ನೀರು ಬದಲಿಸುತ್ತೇನೆ.
ಒಂದು ಊಟವನ್ನು ಜಿಗಣೆ ವರ್ಷಗಟ್ಟಲೆ ಅರಗಿಸುತ್ತದೆ,
ಅವಸರವೇ ಇಲ್ಲ ಅದಕ್ಕೆ,
ಬೆಲ್ಲದ ಚೂರನ್ನು ದವಡೆಯಲ್ಲಿಟ್ಟ ಮುದುಕನ ಹಾಗೆ.

ಚಳಿಗಾಲ ಬಂತು, ಹೋಯಿತು. ಅವಳು ಬರಲಿಲ್ಲ.
ವಾಸಿಯಾದವರು ನನ್ನ ಅಂಗಡಿಗೆ ತಿರುಗಿ ಬರುವುದಿಲ್ಲ.
ಬೇರೆ ಕಡೆ ಹೋದವರೂ ಬರುವುದಿಲ್ಲ.
ಎರಡಕ್ಕೂ ಇಲ್ಲಿ ಕಾಣುವ ಲಕ್ಷಣ ಒಂದೇ.

ಉಸ್ಕುದಾರಿನ ದೋಣಿ ಕೂಗಿದಾಗ
ಮೆಟ್ಟಿಲ ಕಡೆ ನೋಡುತ್ತೇನೆ, ಅಭ್ಯಾಸಬಲ.
ಅಡ್ಡೆಯ ಡಬ್ಬದಲ್ಲಿ ಅದು ಈಚೆಗೆ ತೆಳ್ಳಗಾಗಿದೆ.
ನಿನ್ನೆ ಬೆರಳು ಗಾಜಿಗೆ ತಾಗಿಸಿದೆ, ಸುಮ್ಮನೆ.
ಒಳಗಿನಿಂದ ಬಂದು ಅಲ್ಲೇ ಬಾಯಿಟ್ಟಿತು.