ಯಾರಿಗೆ ಅಂತ ಕೇಳಿದರು

ರುಸ್ತಾವಿಯಲ್ಲಿ ಆವತ್ತು ಕರೆಂಟಿರಲಿಲ್ಲ.
ಕಾಸು ನುಂಗಿ ಮೇಲೇರುವ ಲಿಫ್ಟು
ಬಾಯಿ ತೆರೆದುಕೊಂಡೇ ಸತ್ತಿತ್ತು.
ಏಳು ಮಹಡಿ. ಐದನೆಯದರಲ್ಲಿ ಯಾರೋ ಬದನೆ ಹುರಿಯುತ್ತಿದ್ದರು.
ಆರನೆಯದರಲ್ಲಿ ಗೋಡೆ ಹಿಡಿದು ನಿಂತು
ವಾಪಸು ಹೋದರೇನು ಅಂದುಕೊಂಡೆ.
ನಲವತ್ತೇಳರ, ಔಷಧಿ ಅಂಗಡಿಯ ಹೆಂಗಸಿಗೆ
ಇದೆಲ್ಲ ಯಾಕೆ ಬೇಕು?

ಬಾಗಿಲು ತೆಗೆದವರು ಓತಾರ್.
ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನು ನಡೆಸಿದವರು,
ಶನಿವಾರ ಕಾರ್ಖಾನೆಯದೇ ಬ್ಯಾಂಡಿನಲ್ಲಿ ನುಡಿಸಿದವರು.
ಎಡಗಿವಿ ಕ್ರೇನಿಗೆ ಹೋಯಿತು, ಬಲಗಿವಿ ಬ್ಯಾಂಡಿಗೆ
ಅಂತ ತಾವೇ ಹೇಳಿ ತಾವೇ ನಕ್ಕರು.

ಇಸ್ತ್ರಿ ಮೇಜಿನ ಮೇಲೆ ಮಲಗಿತ್ತು ಗಿಟಾರು.
ಬೀಟ್‌ರೂಟಿನ ಬಣ್ಣ, ಮೊಣಕೈ ತಾಗುವಲ್ಲಿ ಬಣ್ಣವೆದ್ದು ಮರ ಕಾಣುತ್ತಿತ್ತು,
ಸೋವಿಯತ್ ಕಾಲದ್ದು, ಬಾಗಿಲ ಹಲಗೆಯಷ್ಟು ಭಾರ.
ಮೂರನೇ ಪಟ್ಟಿಯ ಲೋಹ ಸವೆದು ಹಳ್ಳ ಬಿದ್ದಿತ್ತು,
ಮೂವತ್ತು ವರ್ಷ ಅಲ್ಲಲ್ಲೇ ಬೆರಳಿಟ್ಟ ಮನುಷ್ಯ.
ಹನ್ನೆರಡನೆಯದು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು.
"ಅಲ್ಲಿಗೆ ನಾನು ಹೋಗಲೇ ಇಲ್ಲ" ಅಂದರು,
ಯಾವುದೋ ಊರಿನ ಮಾತಾಡುವವರ ಹಾಗೆ.

"ಯಾರಿಗೆ?"

ನನಗೆ ಅನ್ನಬೇಕಿತ್ತು. ಮೂರೇ ಅಕ್ಷರ.
ಮಗನಿಗೆ ಅಂದೆ.

ಮದುವೆಯಾಗಿಲ್ಲ, ಮಗನಿಲ್ಲ,
ನಾಲಿಗೆಗೆ ಅದೆಲ್ಲ ಎಲ್ಲಿ ಲೆಕ್ಕ?
ಹೆಸರು? ಸಬಾ.
ಕೆಮ್ಮಿನ ಸಿರಪ್ಪಿಗೆ ಬರುವ ಹುಡುಗನದು,
ಕೌಂಟರಿನ ಮೇಲಿಂದ ಎಗರಿಸಿದೆ.
ವಯಸ್ಸು? ಹದಿನೈದು.
ಎಡಚನಾ? ಅಲ್ಲ.
ಬೆರಳು ಉದ್ದವಾ? ನನ್ನ ಹಾಗೇ ಅಂದೆ.
ಅವರು ನನ್ನ ಕೈಯನ್ನೇ ನೋಡುತ್ತ ಕೂತರು.
ಬೇಕಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಹೊತ್ತು.

ಕರೆಂಟಿಲ್ಲದೆ ಕೇಳಿಸುವುದು ಹೇಗೆ?
ಓತಾರ್ ಎದ್ದರು. ಗಿಟಾರಿನ ತಲೆಯನ್ನು
ಬೀರುವಿನ ಬಾಗಿಲಿಗೆ ಒತ್ತಿ ಹಿಡಿದು
ದಪ್ಪ ತಂತಿಯೊಂದನ್ನು ಮೀಟಿದರು.
ಬೀರು ಹೂಂಗುಟ್ಟಿತು.
ಒಳಗೆ ಖಾಲಿ ಹ್ಯಾಂಗರುಗಳು, ಚಳಿಗಾಲದ ಕೋಟು,
ಯಾರೋ ಹೆಸರು ಹಿಡಿದು ಕರೆದಂತೆ ಮಿಸುಕಿದವು.
ಅವರಿಗೆ ಕೇಳಿಸಿತೋ ಇಲ್ಲವೋ. ಅಂಗೈಯನ್ನು ಮರಕ್ಕಿಟ್ಟು
"ಇದೆ" ಅಂದರು.
ನಾಡಿ ಹಿಡಿದು ನೋಡಿದವರ ಹಾಗೆ, "ಇನ್ನೂ ಇದೆ."

ಮುನ್ನೂರು ಅಂದಿದ್ದರು ಫೋನಿನಲ್ಲಿ.
ಚೌಕಾಶಿಯ ಮಾತನ್ನೆಲ್ಲ ಮನೆಯಿಂದಲೇ ಜೋಡಿಸಿಕೊಂಡು ಬಂದಿದ್ದೆ.
ಬಾಯಿ ತೆರೆಯುವ ಮೊದಲೇ
"ಹುಡುಗನಿಗೆ ಅಂದಮೇಲೆ ಇನ್ನೂರು ಸಾಕು.
ಎಡಗಡೆಯ ತಿರುಪು ಮುಟ್ಟಬೇಡ ಅನ್ನಿ, ಕರಕರ ಅನ್ನುತ್ತೆ.
ಮೊದಲ ತಿಂಗಳು ಬೆರಳು ಉರಿಯುತ್ತೆ, ಬಿಡಬೇಡ ಅನ್ನಿ.
ಶಾಲೆಯಲ್ಲಿ ಮಾರ್ಕು ಕಮ್ಮಿಯಾದರೆ
ಇದರ ಮೇಲೆ ಹಾಕಬೇಡಿ."
ಹಾಕಲ್ಲ ಅಂದೆ.

ನೂರು ಉಳಿಯಿತು. ಏಳು ಮಹಡಿ ಇಳಿಯುವಷ್ಟೂ ಹೊತ್ತು
ಆ ನೂರು ನನ್ನ ಜೇಬಿನಲ್ಲಿ
ಕದ್ದ ಕೋಳಿಮರಿಯ ಹಾಗೆ ಒದ್ದಾಡಿತು.

ಹೂವಿನ ದುಪ್ಪಟಿಯಲ್ಲಿ ಸುತ್ತಿ
ಮಿನಿಬಸ್ಸಿನಲ್ಲಿ ಪಕ್ಕದ ಸೀಟಿಗೆ ಒರಗಿಸಿದೆ.
ಡ್ರೈವರು ಕನ್ನಡಿಯಲ್ಲಿ ನೋಡಿ
"ಎರಡು ಟಿಕೆಟ್ಟಾಗುತ್ತೆ" ಅಂದ.
ಕೊಟ್ಟೆ. ಕುರಾ ನದಿಯ ಸೇತುವೆ ದಾಟುವಾಗ
ಬಸ್ಸು ಕುಲುಕಿದ್ದಕ್ಕೆ, ದುಪ್ಪಟಿಯೊಳಗಿಂದ
ಆರೂ ತಂತಿ ಒಟ್ಟಿಗೆ ಏನೋ ಗೊಣಗಿದವು.
ಸುಮ್ಮನಿರು ಅಂದೆ.
ಅಂದದ್ದು ಮುಂದಿನ ಸೀಟಿನವರಿಗೂ ಕೇಳಿಸಿತು.

ಮನೆಯಲ್ಲಿ ಆಂಪ್ಲಿಫೈಯರಿಲ್ಲ. ಬೀರುವಿದೆ.
ರಾತ್ರಿ ಹತ್ತರ ಮೇಲೆ ಕೆಳಮನೆಯವರು
ಸಲಾಕೆಯಿಂದ ಕೊಳವೆ ಬಡಿಯುತ್ತಾರೆ,
ತಾಳ ಮಾತ್ರ ಅವರದು ಚೆನ್ನಾಗಿದೆ.

ಎರಡನೇ ಗುರುವಾರ ಫೋನು ಬಂತು,
ಕಿವಿ ಕೇಳದವರ ಗಟ್ಟಿ ದನಿ:
"ಹುಡುಗ ಹೇಗಿದ್ದಾನೆ?"
ಕೌಂಟರಿನಾಚೆ ಮೂವರು ಚೀಟಿ ಹಿಡಿದು ಕಾಯುತ್ತಿದ್ದರು.
ನಾನು ಎಡಗೈಯ ಬೆರಳ ತುದಿಗಳನ್ನು
ಒಂದೊಂದಾಗಿ ಹೆಬ್ಬೆರಳಿಗೆ ಒತ್ತಿ ನೋಡಿಕೊಂಡೆ.
"ಉರಿಯುತ್ತಂತೆ" ಅಂದೆ.
"ಏನು?"
"ಉರಿಯುತ್ತಂತೆ!" ಅಂತ ಇಡೀ ಅಂಗಡಿಗೆ ಕೇಳುವ ಹಾಗೆ ಕೂಗಿದೆ,
"ಬಿಟ್ಟಿಲ್ಲ!"