ಒಂಬತ್ತು ಕಟ್ಟು

ನಿಪ್ಪಾಣಿ ಸರಕಾರಿ ದವಾಖಾನೆಯ ಹಿಂದಿನ ಕೋಣೆ.
ಮೂರು ಯಂತ್ರ; ಒಂದರ ಮೇಲೆ ಚಾದರ ಹೊದಿಸಿದೆ,
ಅದು ಕೆಟ್ಟು ಬರುವ ದೀಪಾವಳಿಗೆ ವರ್ಷ.
ಉಳಿದೆರಡರಲ್ಲಿ ಬೆಳಗಿನ ಪಾಳಿ:
ಕಿಟಕಿ ಬದಿಗೆ ಭೂಪಾಲ ಮಗದುಮ್ಮ, ಸೊಸೈಟಿಯ ನಿವೃತ್ತ ಸೆಕ್ರೆಟರಿ,
ಗೋಡೆ ಬದಿಗೆ ದ್ರುಪದಾಬಾಯಿ ಕಾಂಬಳೆ,
ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು.

ಇಬ್ಬರ ತೋಳಿಗೂ ನಾನೇ ಸೂಜಿ ಚುಚ್ಚಿದ್ದು.
ಚುಚ್ಚುವ ಮುಂಚೆ ನರದ ಮೇಲೆ ಬೆರಳಿಟ್ಟು ನೋಡುತ್ತೇನೆ,
ಒಳಗೆ ಜೇನು ಗುಂಯ್‌ಗುಡಬೇಕು.
ಗುಂಯ್‌ಗುಡುತ್ತಿತ್ತು. ಒಂದೇ ಶ್ರುತಿ ಅಂತೇನಿಲ್ಲ,
ಗೋಡೆ ಬದಿಯದು ಸ್ವಲ್ಪ ಒರಟು.

ಕೆಂಪು ನಳಿಗೆಯಲ್ಲಿ ಹೋಗುತ್ತದೆ, ನೀಲಿಯಲ್ಲಿ ಬರುತ್ತದೆ.
ನಾಲ್ಕು ತಾಸು. ಮಾಡಲು ಬೇರೇನಿಲ್ಲ.
ಗೋಡೆಗೆ ಯಾರೋ ದಾನ ಕೊಟ್ಟ ಟೀವಿ,
ರಿಮೋಟು ಕಳೆದು ಎರಡು ವರ್ಷ,
ಹಾಗಾಗಿ ಒಂದೇ ಚಾನಲ್ಲು.
ಇವತ್ತು ಅದರಲ್ಲಿ ಆರು ಚೌಕ, ಆರು ಮುಖ:
ಆರೋಗ್ಯ ಹಕ್ಕೋ, ಹೊರೆಯೋ?
ಆರೂ ಮಂದಿ ಒಟ್ಟಿಗೇ ಉತ್ತರಿಸಿದರು.

"ಬಿಟ್ಟಿ ಕೊಟ್ರ ಬೆಲಿ ಇರೂದಿಲ್ರೀ," ಅಂದರು ಮಗದುಮ್ಮರು.
"ಖರೇ ಬಡವರಿಗೆ ಕೊಡ್ಲಿ, ಬ್ಯಾಡ ಅನ್ನೂದಿಲ್ಲ.
ನಾ ಮೂವತ್ನಾಕ ವರ್ಷ ತೆರಿಗಿ ತುಂಬೇನಿ,
ನನಗ ಇದು ಹಕ್ಕು. ಉಳದವರಿಗೆ..."
ಉಳಿದದ್ದನ್ನು ಕೈಯಲ್ಲಿ ತೋರಿಸಲು ಹೋದರು;
ಸೂಜಿಯ ಕೈ, ಒತ್ತಿ ಹಿಡಿದೆ.

"ಕಡ್ಡಿಪೆಟಿಗಿಗೆ ನಾನೂ ತುಂಬೇನ್ರೀ, ಸಾಬಾಣಕ್ಕ ತುಂಬೇನಿ."
ದ್ರುಪದಾಬಾಯಿ ಇದನ್ನು ಫ್ಯಾನಿಗೆ ಹೇಳಿದರು.
"ನಾ ಕಟ್ಟಿದ ಬೀಡಿ ಮ್ಯಾಲ ಸರಕಾರ ಎಷ್ಟ ಉಂಡೈತಿ, ಲೆಕ್ಕ ತಗೀರಿ.
ಅದನ್ನ ಸೇದಿ ಕೆಮ್ಮಿದವರೂ ಇಲ್ಲೇ ಬಂದಾರ,
ಬೇಕಂದ್ರ ಅದನ್ನೂ ನನ್ನ ಖಾತೆಕ್ಕ ಹಚ್ರಿ."

ದಿಂಬಿನಡಿ ಅವರ ಪ್ಲಾಸ್ಟಿಕ್ ಚೀಲ,
ಅದರಲ್ಲಿ ಎರಡು ಕಾರ್ಡು, ಎರಡು ರಾಜ್ಯದವು.
"ಇಬ್ರೂ ನಮ್ಮಾಕಿ ಅಂತಾರ್ರೀ.
ಯಂತ್ರ ಯಾರ ಕಡೆ ಖಾಲಿ ಐತಿ ಅಂತ ಕೇಳಿದ್ರ
ಇಬ್ರೂ ಆ ಕಡೆ ಕೈ ಮಾಡ್ತಾರ."

"ಅದಕ್ಕಽ ಖಾಸಗಿಯವರಿಗೆ ಕೊಡ್ಬೇಕನ್ನೂದು."
"ಈ ಕೋಣಿ ಅವರದಽ ಐತ್ರಿ," ಅಂದುಬಿಟ್ಟೆ.
ಬಾಯಿ ಹಾಕಬಾರದಿತ್ತು.
ನನ್ನ ಪಗಾರ ಕೊಡುವ ಏಜೆನ್ಸಿ ಯಾವ ಊರಿನದೋ,
ಮೂರು ತಿಂಗಳಿಂದ ಅದೂ ಡಯಾಲಿಸಿಸ್ ಮೇಲಿದೆ.

ಆಗ ಕರೆಂಟು ಹೋಯಿತು.

ಆರು ಮುಖ ಒಮ್ಮೆಲೇ ಕಪ್ಪು.
ಜನರೇಟರಿನಲ್ಲಿ ಡೀಸೆಲ್ ಇಲ್ಲ;
ಅದು ಇಲಾಖೆಯ ಖರ್ಚೋ ಏಜೆನ್ಸಿಯ ಖರ್ಚೋ
ಎಂಬ ಪತ್ರ ಇನ್ನೂ ಓಡಾಡುತ್ತಿದೆ.
ಬ್ಯಾಟರಿಗಳು ನಾಲ್ಕು ಸಲ ಕೂಗಿ ಸತ್ತವು.
ರಕ್ತ ನಳಿಗೆಯಲ್ಲೇ ನಿಂತಿತು.
ಹೆಪ್ಪುಗಟ್ಟಲು ಅದಕ್ಕೆ ಯಾರ ಸಹಿಯೂ ಬೇಡ.

ಪಂಪಿಗೊಂದು ಹಿಡಿಕೆ ಇರುತ್ತದೆ, ಕೈಯಿಂದ ತಿರುಗಿಸಲು.
ಯಂತ್ರ ಎರಡು. ನಾನೊಬ್ಬಳು.
ಮಗದುಮ್ಮರ ಹಣೆ ಆಗಲೇ ತಣ್ಣಗೆ, ಬೀಪಿ ಇಳಿಯುತ್ತಿದೆ,
ಬಿಟ್ಟು ಹೋಗುವ ಹಾಗಿಲ್ಲ.
"ಅಕ್ಕಾರ!" ಅಂತ ಕೂಗಿದೆ.
ಹೊರಗೆ ಬೆಂಚಿನಲ್ಲಿದ್ದ ಕುಸುಮಕ್ಕ, ಅವರ ಹೆಂಡತಿ,
ಚಪ್ಪಲಿ ಬಿಟ್ಟು ಓಡಿಬಂದರು, ಗಂಡನ ಕಡೆಗೇ.
"ಇಲ್ಲಲ್ಲ, ಆ ಕಡೆ. ಬಾಣದ ಗುರುತ ಐತಲ್ಲ, ಹಂಗಽ ತಿರುವ್ರಿ.
ಮೆತ್ತಗ. ನಿಂದ್ರಬ್ಯಾಡ್ರಿ."
ಒಂದು ಕ್ಷಣ ನಿಂತರು, ಹಿಡಿಕೆ ನೋಡಿದರು.
ಆಮೇಲೆ ತಿರುಗಿಸಿದರು.

ಬಳೆಯ ಸದ್ದಷ್ಟೇ.
ದ್ರುಪದಾಬಾಯಿ ಎಣಿಸತೊಡಗಿದರು,
ಮುಸ್ಸಂಜೆ ಮೊರದ ಮುಂದೆ ಎಣಿಸುವ ದನಿಯಲ್ಲೇ:
"ಇಪ್ಪತ್ನಾಕ, ಇಪ್ಪತ್ತೈದ. ಒಂದ್ ಕಟ್ಟ ಆತ್ರೀ ಬಾಯಾರ."
ಎರಡು ಕಟ್ಟು. ನಾಲ್ಕು.
ಐದನೆಯದರಲ್ಲಿ ಕುಸುಮಕ್ಕನ ಕೈ ತಡವರಿಸಿತು.
"ಸಡ್ಲ ಸುತ್ತಿದ್ರ ಠೇಕೇದಾರ ಛಾಟ ತಗೀತಾನ್ರಿ!"
ಇಬ್ಬರೂ ನಕ್ಕಿರಬೇಕು, ನನ್ನ ಬೆನ್ನು ಆ ಕಡೆಗಿತ್ತು.

ಒಂಬತ್ತನೇ ಕಟ್ಟಿಗೆ ಕರೆಂಟು ಬಂತು.
ಯಂತ್ರ, ಫ್ಯಾನು, ಟೀವಿ.
ಆರು ಬಾಯಿ ಅರ್ಧ ವಾಕ್ಯದಿಂದಲೇ ಶುರು.

ಕುಸುಮಕ್ಕ ಮಣಿಕಟ್ಟು ನೀವಿಕೊಳ್ಳುತ್ತ ಸ್ಟೂಲಿನಲ್ಲಿ ಕೂತರು,
ಗೋಡೆ ಬದಿಗೇ.
ಮಗದುಮ್ಮರು ಕಣ್ಣು ಬಿಟ್ಟರು, ನೀರು ಕೇಳಿದರು.
ಎರಡು ಗುಟುಕು ಕೊಟ್ಟೆ, ಲೆಕ್ಕದ ನೀರು.
"ನಾ ಏನ ಹೇಳಾಕತ್ತಿದ್ದೆ?"

"ಬಿಟ್ಟಿ ಅಂತಿದ್ರಿ," ಅಂದರು ದ್ರುಪದಾಬಾಯಿ.
"ಮುಂದ ಹೇಳ್ರಿ."